ಹಂಚಿಕೆಯ ಇಂಟರಪ್ಟ್ ಲೈನ್ ಕೈಕೊಟ್ಟಾಗ: ಲಕ್ಷಣ ಹಿಡಿದು ಮೂಲಕ್ಕೆ ಹೋಗುವ ಬಗೆ

ನೀವು ಬರೆಯುತ್ತಿರುವುದು ಸೀರಿಯಲ್ ಕಾರ್ಡಿನ ಡ್ರೈವರ್. ಕೆಟ್ಟಿರುವುದು ಮೌಸ್. ಡ್ರೈವರ್ ತೆಗೆದರೆ ಮೌಸ್ ನೆಟ್ಟಗಾಗುತ್ತದೆ, ಹಾಕಿದರೆ ಮತ್ತೆ ತಡವರಿಸುತ್ತದೆ. ಇಂಥ ಸಂಬಂಧವಿಲ್ಲದ ಸಂಬಂಧ ಕಂಡಾಗ ಎರಡೂ ಸಾಧನಗಳು ಒಂದೇ ಇಂಟರಪ್ಟ್ ಲೈನಿನಲ್ಲಿ (ಸಾಧನ ಪ್ರೊಸೆಸರಿನ ಗಮನ ಸೆಳೆಯುವ ತಂತಿಯಲ್ಲಿ) ಇವೆಯೇ ಎಂದು ಮೊದಲು ನೋಡಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಈ ಬಗೆಯ ದೋಷಗಳಿಗೆ ಹೇಳಿ ಮಾಡಿಸಿದಂತಿದೆ: ಲೈನನ್ನು ಹಿಡಿದು ಕುಳಿತ ಸಾಧನ ಒಂದು, ನರಳುವ ಸಾಧನ ಇನ್ನೊಂದು, ಲಾಗ್‌ನಲ್ಲಿ ಹೆಸರು ಬರುವುದು ಮೂರನೆಯದರದು. ಆದ್ದರಿಂದ ಕೆಳಗಿನ ವಿಭಾಗಗಳಲ್ಲೆಲ್ಲ ಹುಡುಕಾಟ ಒಂದೇ. ಲೈನ್ ಎದ್ದಾಗ "ಇದು ನನ್ನದೇ?" ಎಂಬ ಪ್ರಶ್ನೆಗೆ ಯಾವ ಡ್ರೈವರ್ ಸುಳ್ಳು ಉತ್ತರ ಕೊಟ್ಟಿತು?

ಎಂಎಸ್‌ಐ (ತಂತಿಯ ಬದಲು ಸಂದೇಶವಾಗಿ ಇಂಟರಪ್ಟ್ ಕಳುಹಿಸುವ ವಿಧಾನ) ಬಂದ ಮೇಲೆ ಇದೆಲ್ಲ ಹಳೆಯ ಕಥೆಯಲ್ಲವೇ ಎಂದು ಹೊಸದಾಗಿ ಸೇರಿದ ಎಂಜಿನಿಯರುಗಳು ಕೇಳುತ್ತಾರೆ. ಅರ್ಧ ನಿಜ. ಎಂಎಸ್‌ಐನಲ್ಲಿ ಒಂದು ಸಾಧನಕ್ಕೆ 32ರವರೆಗೆ, ಅದರ ವಿಸ್ತೃತ ರೂಪವಾದ ಎಂಎಸ್‌ಐ-ಎಕ್ಸ್‌ನಲ್ಲಿ 2048ರವರೆಗೆ ಸ್ವಂತ ವೆಕ್ಟರುಗಳು (ಇಂಟರಪ್ಟ್ ಸಂಖ್ಯೆಗಳು) ಸಿಗುತ್ತವೆ. ನೆರೆಹೊರೆಯ ಗೊಡವೆಯೇ ಇಲ್ಲ. ಆದರೆ ಪೀಣ್ಯದ ಕಾರ್ಖಾನೆಗಳಲ್ಲಿ ತೂಕದ ಯಂತ್ರಕ್ಕೋ ಲೇಥಿಗೋ ಜೋಡಿಸಿದ ಕಂಪ್ಯೂಟರುಗಳಲ್ಲಿ ಹಳೆಯ ಪಿಸಿಐ ಕಾರ್ಡುಗಳು ಇನ್ನೂ ದುಡಿಯುತ್ತಿವೆ. ಎಲೆಕ್ಟ್ರಾನಿಕ್ ಸಿಟಿಯಲ್ಲೂ ವೈಟ್‌ಫೀಲ್ಡಿನಲ್ಲೂ ತಯಾರಾಗುವ ಎಆರ್‌ಎಂ ಬೋರ್ಡುಗಳಲ್ಲಿ ಪಿನ್ ಉಳಿಸಲೆಂದು ಮೂರು ನಾಲ್ಕು ಸಂವೇದಕಗಳನ್ನು ಒಂದೇ ತಂತಿಗೆ ಕಟ್ಟುವುದು ಇಂದಿಗೂ ವಾಡಿಕೆ. ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಕರ್ನಲ್‌ಗೆ ಸಂಬಂಧಿಸಿದ್ದು.

ಕೈ ಹಾಕುವ ಮುನ್ನ

ಉತ್ಪಾದನೆಯಲ್ಲಿರುವ ಯಂತ್ರದ ಮೇಲೆ ಈ ಪರೀಕ್ಷೆಗಳನ್ನು ಮಾಡಬೇಡಿ. ಮುಚ್ಚಿಹೋದ ಲೈನಿನಲ್ಲಿ ಡಿಸ್ಕ್ ನಿಯಂತ್ರಕವೂ ಇದ್ದರೆ ಬರೆಯುತ್ತಿದ್ದ ದತ್ತಾಂಶ ಅರ್ಧಕ್ಕೇ ನಿಲ್ಲುತ್ತದೆ. ಯಂತ್ರಕ್ಕೆ ಮೋಟಾರೋ ಹೀಟರೋ ಜೋಡಿಸಿದ್ದರೆ ಮೊದಲು ಅದರ ವಿದ್ಯುತ್ ಕಡಿದುಹಾಕಿ. ತುರ್ತು ನಿಲುಗಡೆಯ ಗುಂಡಿ ಸಾಫ್ಟ್‌ವೇರಿನ ಮೂಲಕ ಕೆಲಸ ಮಾಡುವಂತಿದ್ದರೆ ಅದನ್ನು ನಂಬಲೇಬೇಡಿ.

ಇನ್ನೊಂದು ಕಂಪ್ಯೂಟರಿಗೆ ಸೀರಿಯಲ್ ಕನ್ಸೋಲ್ ಎಳೆದುಕೊಳ್ಳಿ. ಇಂಟರಪ್ಟ್ ಮಹಾಪೂರ ಬಂದಾಗ ಪರದೆ ಸ್ತಬ್ಧವಾಗುತ್ತದೆ, ಕೊನೆಯ ನಾಲ್ಕು ಸಾಲು ಉಳಿಯುವುದು ಅಲ್ಲಿ ಮಾತ್ರ. ಸಾಮಾನ್ಯ ಪಿಸಿಐ ಕಾರ್ಡನ್ನು ಯಂತ್ರ ಚಾಲೂ ಇರುವಾಗ ಕೀಳಬಾರದು. ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಗಳೂರಿನ ಗಾಳಿ ಒಣಗಿರುತ್ತದೆ; ಮಣಿಕಟ್ಟಿನ ಅರ್ಥಿಂಗ್ ಪಟ್ಟಿ ಕಟ್ಟದೆ ಬೋರ್ಡ್ ಮುಟ್ಟಿದರೆ ಸ್ಥಿರ ವಿದ್ಯುತ್ತಿಗೆ ಚಿಪ್ ಸುಟ್ಟು, ಇಲ್ಲದ ಸಾಫ್ಟ್‌ವೇರ್ ದೋಷವನ್ನು ವಾರಗಟ್ಟಲೆ ಹುಡುಕಬೇಕಾಗುತ್ತದೆ.

ಲಕ್ಷಣ: "ನೋಬಡಿ ಕೇರ್ಡ್" ಎಂಬ ಸಂದೇಶ, ಆಮೇಲೆ ಎಲ್ಲವೂ ಆಮೆಗತಿ

ಅತಿ ಹೆಚ್ಚು ಕಾಣಿಸುವ ಲಕ್ಷಣ ಇದೇ. ಡಿಮೆಸೇಜ್ (ಕರ್ನಲ್‌ನ ಲಾಗ್) ತೆರೆದರೆ "ಐಆರ್‌ಕ್ಯೂ 16: ನೋಬಡಿ ಕೇರ್ಡ್" (16ನೇ ಇಂಟರಪ್ಟ್ ಲೈನನ್ನು ಯಾರೂ ವಿಚಾರಿಸಲಿಲ್ಲ) ಎಂಬ ಸಾಲು, ಅದರ ಕೆಳಗೆ ಸ್ಟ್ಯಾಕ್, ಹ್ಯಾಂಡ್ಲರುಗಳ (ಇಂಟರಪ್ಟ್ ಬಂದಾಗ ಓಡುವ ಡ್ರೈವರ್ ಫಂಕ್ಷನ್‌ಗಳ) ಪಟ್ಟಿ, ಕೊನೆಗೆ "ಡಿಸೇಬ್ಲಿಂಗ್ ಐಆರ್‌ಕ್ಯೂ #16".

ಒಳಗೆ ನಡೆದದ್ದು ಇಷ್ಟು. ಹಂಚಿಕೆಯ ಲೈನ್ ಎದ್ದಾಗಲೆಲ್ಲ ಕರ್ನಲ್ ಆ ಲೈನಿನಲ್ಲಿ ನೋಂದಾಯಿಸಿದ ಎಲ್ಲ ಹ್ಯಾಂಡ್ಲರುಗಳನ್ನೂ ಒಂದೊಂದಾಗಿ ಕರೆಯುತ್ತದೆ. ತನ್ನ ಸಾಧನದ್ದಾದರೆ ಹ್ಯಾಂಡ್ಲರ್ ಐಆರ್‌ಕ್ಯೂ_ಹ್ಯಾಂಡಲ್ಡ್ ಎನ್ನಬೇಕು, ಅಲ್ಲದಿದ್ದರೆ ಐಆರ್‌ಕ್ಯೂ_ನನ್ ಎನ್ನಬೇಕು. 1,00,000 ಇಂಟರಪ್ಟುಗಳಲ್ಲಿ 99,900ಕ್ಕಿಂತ ಹೆಚ್ಚನ್ನು ಯಾರೂ ತಮ್ಮದೆನ್ನದಿದ್ದರೆ ಕರ್ನಲ್ ಆ ಲೈನನ್ನೇ ಮುಚ್ಚುತ್ತದೆ. ಪಿಸಿಐ ಲೈನ್ ಲೆವೆಲ್ ಟ್ರಿಗರ್ (ತಂತಿಯ ಅಂಚಿಗಲ್ಲ, ಮಟ್ಟಕ್ಕೆ ಸ್ಪಂದಿಸುವಂಥದ್ದು) ಆದ್ದರಿಂದ ಎತ್ತಿದ ಸಾಧನವನ್ನು ಯಾರಾದರೂ ಸಮಾಧಾನಪಡಿಸುವವರೆಗೆ ಇಂಟರಪ್ಟ್ ಬರುತ್ತಲೇ ಇರುತ್ತದೆ. ಹಾಗಾಗಿ ಒಂದು ಲಕ್ಷದ ಲೆಕ್ಕ ತುಂಬಲು ಹೆಚ್ಚು ಹೊತ್ತು ಬೇಡ.

ಲೈನ್ ಮುಚ್ಚಿದ ಮೇಲೂ ಮೌಸ್ ಪೂರ್ತಿ ಸಾಯದೆ ತಡವರಿಸುತ್ತಿರುವುದಕ್ಕೆ ಕಾರಣವಿದೆ. ಮುಚ್ಚಿದ ಹಂಚಿಕೆಯ ಲೈನುಗಳ ಹ್ಯಾಂಡ್ಲರುಗಳನ್ನು ಕರ್ನಲ್ ಸೆಕೆಂಡಿಗೆ ಸುಮಾರು ಹತ್ತು ಸಲ ತಾನೇ ಹೋಗಿ ವಿಚಾರಿಸುತ್ತದೆ. ಸೆಕೆಂಡಿಗೆ ಹತ್ತೇ ಸಲ ಕದಲುವ ಮೌಸನ್ನು ಒಮ್ಮೆ ಕಂಡವರು ಮುಂದೆ ಲಾಗ್ ತೆರೆಯುವ ಮೊದಲೇ ರೋಗ ಗುರುತಿಸುತ್ತಾರೆ.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಕರ್ನಲ್‌ನ ಸ್ಥಿತಿ ತೋರಿಸುವ ಪ್ರಾಕ್ ಕೋಶದ ಅಡಿಯಲ್ಲಿರುವ ಇಂಟರಪ್ಟ್ಸ್ ಕಡತ ತೆರೆದು 16ರ ಸಾಲು ನೋಡಿ:

16:   48213   951874   ಐಒ-ಎಪಿಐಸಿ   16-ಫಾಸ್ಟ್‌ಇಒಐ   ಇಎಚ್‌ಸಿಐ_ಎಚ್‌ಸಿಡಿ:ಯುಎಸ್‌ಬಿ1, ನನ್ನ_ಸೀರಿಯಲ್

ಕೊನೆಯಲ್ಲಿ ಅಲ್ಪವಿರಾಮದಿಂದ ಬೇರ್ಪಟ್ಟ ಎರಡು ಹೆಸರುಗಳಿದ್ದರೆ ಇಬ್ಬರೂ ಒಂದೇ ಲೈನಿನಲ್ಲಿದ್ದಾರೆ ಎಂದರ್ಥ. ಆದರೆ ಈ ಪಟ್ಟಿಯನ್ನಾಗಲಿ, ಲಾಗ್‌ನಲ್ಲಿ ಮುದ್ರಿತವಾದ ಹ್ಯಾಂಡ್ಲರುಗಳ ಪಟ್ಟಿಯನ್ನಾಗಲಿ ಆರೋಪಿಗಳ ಪಟ್ಟಿ ಎಂದು ಓದಬಾರದು. ಅದು "ನನ್ನದಲ್ಲ" ಎಂದು ಸಾಕ್ಷಿ ಹೇಳಿದವರ ಪಟ್ಟಿ. ನಿಜವಾದ ಕಿಡಿಗೇಡಿ ಪಟ್ಟಿಯಲ್ಲಿ ಇಲ್ಲದೆಯೇ ಇರಬಹುದು. ಬೂಟ್ ಹೊತ್ತಿನಲ್ಲಿ ಬಯಾಸ್ ಎಬ್ಬಿಸಿ ಹಾಗೇ ಬಿಟ್ಟುಹೋದ, ಡ್ರೈವರೇ ಲೋಡ್ ಆಗದ ಕಾರ್ಡ್ ಲೈನನ್ನು ಒತ್ತಿ ಹಿಡಿದಿದ್ದರೆ ಉತ್ತರ ಹೇಳಲು ಅಲ್ಲಿ ಯಾರೂ ಇರುವುದಿಲ್ಲ.

ಕಿಡಿಗೇಡಿಯನ್ನು ಹಿಡಿಯುವ ಸುಲಭದ ದಾರಿಯನ್ನು ಅನೇಕರು ಬಳಸುವುದೇ ಇಲ್ಲ. ಲೈನ್ ಮುಚ್ಚಿದ ಮೇಲೆ ರೂಟ್ ಅಧಿಕಾರದಲ್ಲಿ ಎಲ್‌ಎಸ್‌ಪಿಸಿಐಯನ್ನು (ಪಿಸಿಐ ಸಾಧನಗಳ ವಿವರ ತೋರಿಸುವ ಆದೇಶವನ್ನು) ಎರಡು ವಿ ಆಯ್ಕೆಯೊಂದಿಗೆ ಓಡಿಸಿ, ಪ್ರತಿ ಸಾಧನದ ಸ್ಟೇಟಸ್ ಸಾಲಿನ ಕೊನೆಯಲ್ಲಿ ಐಎನ್‌ಟಿಎಕ್ಸ್ ಮುಂದೆ ಪ್ಲಸ್ ಇದೆಯೋ ಮೈನಸ್ ಇದೆಯೋ ನೋಡಿ. ಪಿಸಿಐ 2.3ರಿಂದ ಸ್ಟೇಟಸ್ ರಿಜಿಸ್ಟರಿನ 3ನೇ ಬಿಟ್ ಈ ವಿಷಯವನ್ನು ಹೇಳುತ್ತದೆ: ಸಾಧನದೊಳಗೆ ಇಂಟರಪ್ಟ್ ಬಾಕಿ ಇದೆ. ಲೈನ್ ಸತ್ತ ಮೇಲೂ ಒಂದೇ ಸಾಧನ ಪ್ಲಸ್ ತೋರಿಸುತ್ತ ಕುಳಿತಿದ್ದರೆ ಅರ್ಧ ಕೆಲಸ ಮುಗಿಯಿತು. ಅದರ ಕಮಾಂಡ್ ರಿಜಿಸ್ಟರಿನ 10ನೇ ಬಿಟ್ ಅನ್ನು ಸೆಟ್‌ಪಿಸಿಐನಿಂದ (ಆ ರಿಜಿಸ್ಟರಿಗೆ ಬರೆಯುವ ಆದೇಶದಿಂದ) 1 ಮಾಡಿದರೆ ಆ ಸಾಧನದ ಬಾಯಿ ಮಾತ್ರ ಮುಚ್ಚುತ್ತದೆ. ಸೆಟ್‌ಪಿಸಿಐ ಬಳಸುವಾಗ ಸಾಧನದ ವಿಳಾಸವನ್ನು ಎರಡು ಸಲ ಓದಿಕೊಳ್ಳಿ, ಆ ಒಂದು ಬಿಟ್ ಮಾತ್ರ ಬದಲಾಗುವಂತೆ ಮಾಸ್ಕ್ ಸಹಿತ ಬರೆಯಿರಿ. ತಪ್ಪು ಸಾಧನದ ತಪ್ಪು ಬಿಟ್ ತಿರುವಿದರೆ ಯಂತ್ರ ಅಲ್ಲೇ ನಿಂತುಬಿಡಬಹುದು.

ಪಟ್ಟಿಯಲ್ಲಿರುವ ನಿಮ್ಮ ಸಾಧನವೇ ಪ್ಲಸ್ ತೋರಿಸುತ್ತಿದ್ದರೆ ಹ್ಯಾಂಡ್ಲರ್ ತನ್ನ ಇಂಟರಪ್ಟನ್ನು ತಾನೇ ಗುರುತಿಸುತ್ತಿಲ್ಲ. ಸ್ಥಿತಿಯ ರಿಜಿಸ್ಟರ್ ಯಾವುದು, ಯಾವ ಬಿಟ್ ಯಾವ ಘಟನೆಗೆ ಎಂಬುದನ್ನು ಡೇಟಾಶೀಟ್ ಹಿಡಿದು ಮತ್ತೆ ತಾಳೆ ನೋಡಿ. ದೋಷದ ಬಿಟ್ಟುಗಳನ್ನು ಸಕ್ರಿಯಗೊಳಿಸಿ ಹ್ಯಾಂಡ್ಲರಿನಲ್ಲಿ ಅವುಗಳನ್ನು ನೋಡಲು ಮರೆತಿರುವುದು ಇಲ್ಲಿನ ಹಳೇ ಚಾಳಿ.

ಎರಡು ಎಚ್ಚರಿಕೆಗಳು. ಐಆರ್‌ಕ್ಯೂಪೋಲ್ (ಹೊಣೆಗಾರರಿಲ್ಲದ ಇಂಟರಪ್ಟಿಗೆ ಎಲ್ಲ ಹ್ಯಾಂಡ್ಲರುಗಳನ್ನೂ ವಿಚಾರಿಸುವ) ಆಯ್ಕೆ ಹಾಕಿ ಬೂಟ್ ಮಾಡಿ ಎಂದು ಕರ್ನಲ್ಲೇ ಸಲಹೆ ಕೊಡುತ್ತದೆ. ಯಂತ್ರವನ್ನು ಎಬ್ಬಿಸಿ ಒಳಗೆ ನೋಡಲು ಅದು ಊರುಗೋಲು, ಅದನ್ನೇ ಹಾಕಿ ಗ್ರಾಹಕರಿಗೆ ಕಳುಹಿಸುವುದು ಕೆಲಸಗಳ್ಳತನ. ನೋಐಆರ್‌ಕ್ಯೂಡೀಬಗ್ ಇನ್ನೂ ಕೆಟ್ಟದ್ದು. ಅದು ಕಾವಲುಗಾರನನ್ನೇ ಮನೆಗೆ ಕಳುಹಿಸುತ್ತದೆ. ಎರಡನೆಯದಾಗಿ, "ಡ್ರೈವರ್ ತೆಗೆದು ಹಾಕಿದೆ, ಸರಿಹೋಯಿತು" ಎಂಬ ವರದಿಗೆ ಬೆಲೆ ಕೊಡಬೇಡಿ. ಮುಚ್ಚಿದ ಹಂಚಿಕೆಯ ಲೈನಿಗೆ ಹೊಸ ಹ್ಯಾಂಡ್ಲರ್ ಸೇರಿದರೆ ಕರ್ನಲ್ ಎಣಿಕೆಯನ್ನು ಸೊನ್ನೆಗೆ ತಂದು ಲೈನಿಗೆ ಇನ್ನೊಂದು ಅವಕಾಶ ಕೊಡುತ್ತದೆ. ಸರಿಹೋದಂತೆ ಕಾಣುವುದು ಅದಕ್ಕೇ.

ಲಕ್ಷಣ: ಲಾಗ್ ಶುದ್ಧ, ಆದರೆ ಒಂದು ಸಿಪಿಯು ಪೂರ್ತಿ ಉರಿಯುತ್ತಿದೆ

ಹಿಂದಿನದು ಗಲಾಟೆ ಮಾಡುವ ರೋಗ. ಇದು ಸದ್ದಿಲ್ಲದ್ದು, ಆದ್ದರಿಂದ ಹೆಚ್ಚು ಅಪಾಯಕಾರಿ. ಟಾಪ್ ತೆರೆದರೆ ಎಚ್‌ಐ (ಹಾರ್ಡ್‌ವೇರ್ ಇಂಟರಪ್ಟುಗಳಿಗೆ ಹೋದ ಸಮಯ) ಎಂಬ ಅಂಕಣ ವಿಪರೀತ ಏರಿರುತ್ತದೆ, ಇಂಟರಪ್ಟ್ಸ್ ಕಡತದ ಎಣಿಕೆ ಓಡುತ್ತಿರುತ್ತದೆ, ಆದರೆ ಕರ್ನಲ್ ತುಟಿ ಬಿಚ್ಚುವುದಿಲ್ಲ.

ಯಾವುದೋ ಒಂದು ಹ್ಯಾಂಡ್ಲರ್ ನೋಡದೆಯೇ ಪ್ರತಿ ಸಲವೂ "ನನ್ನದೇ" ಎನ್ನುತ್ತಿದೆ ಎಂದು ಇದರರ್ಥ. ಸ್ವಂತ ಲೈನ್ ಇದ್ದಾಗ ಬರೆದ ಡ್ರೈವರಿಗೆ ಐಆರ್‌ಕ್ಯೂಎಫ್_ಶೇರ್ಡ್ ಫ್ಲ್ಯಾಗ್ ಮಾತ್ರ ಅಂಟಿಸಿದರೆ ಆಗುವುದು ಇದೇ. ಕೊನೆಯ ಸಾಲಿನಲ್ಲಿ ಷರತ್ತಿಲ್ಲದೆ ಐಆರ್‌ಕ್ಯೂ_ಹ್ಯಾಂಡಲ್ಡ್ ಕುಳಿತಿರುತ್ತದೆ. ಒಬ್ಬರು ಹೌದೆಂದರೆ ಸಾಕು, ಆ ಇಂಟರಪ್ಟ್ ಕರ್ನಲ್‌ನ ಲೆಕ್ಕದಲ್ಲಿ ನಿಭಾಯಿಸಲ್ಪಟ್ಟಿತು. ಲೈನನ್ನು ನಿಜವಾಗಿ ಒತ್ತಿ ಹಿಡಿದ ಸಾಧನ ಹಾಗೇ ಉಳಿಯುತ್ತದೆ, ಪತ್ತೆದಾರಿಕೆ ಕುರುಡಾಗುತ್ತದೆ.

ಪತ್ತೆಗೆ ಎಫ್‌ಟ್ರೇಸ್‌ನ (ಕರ್ನಲ್‌ನ ಒಳನಡೆ ದಾಖಲಿಸುವ ಸಲಕರಣೆಯ) ಎರಡು ಘಟನೆಗಳನ್ನು ತೆರೆಯಿರಿ: ಐಆರ್‌ಕ್ಯೂ_ಹ್ಯಾಂಡ್ಲರ್_ಎಂಟ್ರಿ, ಐಆರ್‌ಕ್ಯೂ_ಹ್ಯಾಂಡ್ಲರ್_ಎಕ್ಸಿಟ್. ಮೊದಲನೆಯದರಲ್ಲಿ ಹೆಸರು ಬರುತ್ತದೆ, ಎರಡನೆಯದರಲ್ಲಿ ಉತ್ತರ ಮಾತ್ರ ಬರುತ್ತದೆ, ಜೋಡಿಸಿ ಓದಬೇಕು. ಸಾಧನಕ್ಕೆ ಕೆಲಸವೇ ಇಲ್ಲದ ಹೊತ್ತಿನಲ್ಲೂ ಪ್ರತಿ ಸಲ ಹ್ಯಾಂಡಲ್ಡ್ ಎನ್ನುವ ಹೆಸರು ಸಿಕ್ಕರೆ ಅದೇ ಸುಳ್ಳುಗಾರ. ಒಂದೆರಡು ಸೆಕೆಂಡಿಗಿಂತ ಹೆಚ್ಚು ಟ್ರೇಸ್ ಓಡಿಸಬೇಡಿ, ಮಹಾಪೂರದಲ್ಲಿ ಬಫರ್ ತುಂಬಿ ಹಳೆಯದು ಅಳಿಸಿಹೋಗುತ್ತದೆ.

ಪ್ರಾಮಾಣಿಕ ಹ್ಯಾಂಡ್ಲರಿನ ಆಕಾರ ಹೀಗಿರುತ್ತದೆ:

ಸ್ಥಿತಿ = ಓದು(ಸ್ಥಿತಿ_ರಿಜಿಸ್ಟರ್)
ಸ್ಥಿತಿಯ ಎಲ್ಲ ಬಿಟ್ 1 ಆಗಿದ್ದರೆ: ಐಆರ್‌ಕ್ಯೂ_ನನ್
ನನ್ನದು = ಸ್ಥಿತಿ ಮತ್ತು ಸಕ್ರಿಯ_ಮಾಸ್ಕ್
ನನ್ನದು ಸೊನ್ನೆಯಾದರೆ: ಐಆರ್‌ಕ್ಯೂ_ನನ್
ಬರೆ(ಸ್ಥಿತಿ_ರಿಜಿಸ್ಟರ್, ನನ್ನದು)
ಕೆಲಸ ಮುಗಿಸು ಅಥವಾ ಮುಂದಕ್ಕೆ ಹಚ್ಚು
ಐಆರ್‌ಕ್ಯೂ_ಹ್ಯಾಂಡಲ್ಡ್

ಮೂರನೆಯ ಸಾಲನ್ನು ಬಿಡುವವರೇ ಹೆಚ್ಚು. ಮಾಸ್ಕ್ ಮಾಡಿದ (ಇಂಟರಪ್ಟ್ ಎಬ್ಬಿಸದಂತೆ ತಡೆದ) ಘಟನೆಗೂ ಬಹಳಷ್ಟು ಚಿಪ್‌ಗಳಲ್ಲಿ ಸ್ಥಿತಿಯ ಬಿಟ್ ಏಳುತ್ತದೆ, ಆದರೆ ಲೈನ್ ಏಳುವುದಿಲ್ಲ. ಮಾಸ್ಕ್ ಜೊತೆ ತಾಳೆ ನೋಡದಿದ್ದರೆ ನೆರೆಯ ಸಾಧನದ ಇಂಟರಪ್ಟನ್ನು ನಿಮ್ಮದೆಂದು ಹೇಳಿಕೊಂಡಂತಾಗುತ್ತದೆ.

ಐದನೆಯ ಸಾಲಿನಲ್ಲಿ ಓದಿದ ಬಿಟ್ಟುಗಳನ್ನಷ್ಟೇ ಬರೆದಿರುವುದನ್ನೂ ಗಮನಿಸಿ. 1 ಬರೆದರೆ ಅಳಿಯುವ ರಿಜಿಸ್ಟರಿಗೆ ಎಲ್ಲ ಬಿಟ್ 1 ಮಾಡಿ ಬರೆಯುವ ಸೋಮಾರಿತನ ಮಾಡಿದರೆ, ಓದಿದ್ದಕ್ಕೂ ಬರೆದದ್ದಕ್ಕೂ ನಡುವೆ ಬಂದ ಹೊಸ ಘಟನೆ ಯಾರ ಕಣ್ಣಿಗೂ ಬೀಳದೆ ಅಳಿಸಿಹೋಗುತ್ತದೆ.

ಲಕ್ಷಣ: ಇಂಟರಪ್ಟ್ ಎಣಿಕೆ ಇರಬೇಕಾದದ್ದಕ್ಕಿಂತ ಹೆಚ್ಚು, ಲೈನ್ ಮಾತ್ರ ಮುಚ್ಚುವುದಿಲ್ಲ

ಪ್ರಾಕ್ ಅಡಿಯ ಐಆರ್‌ಕ್ಯೂ ಕೋಶದಲ್ಲಿ ಪ್ರತಿ ಲೈನಿಗೂ ಸ್ಪ್ಯೂರಿಯಸ್ ಎಂಬ ಕಡತವಿದೆ. ಅದರಲ್ಲಿ ಅನ್‌ಹ್ಯಾಂಡಲ್ಡ್ ಸಂಖ್ಯೆ ನಿಧಾನವಾಗಿ ಏರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ತಡವಾಗಿ ತಲುಪುವ ಬರಹ. ಪಿಸಿಐ ಬಸ್ಸಿನಲ್ಲಿ ಬರಹಗಳು ದಾರಿಯ ಬಫರುಗಳಲ್ಲಿ ತಂಗುತ್ತವೆ. ನೀವು ಇಂಟರಪ್ಟ್ ಅಳಿಸಿದೆನೆಂದು ಹಿಂದಿರುಗುವಾಗ ಆ ಬರಹ ಸಾಧನವನ್ನು ಇನ್ನೂ ಮುಟ್ಟಿರುವುದಿಲ್ಲ, ಲೈನ್ ಏರಿಯೇ ಇರುತ್ತದೆ, ಹ್ಯಾಂಡ್ಲರ್ ಮತ್ತೆ ಓಡುತ್ತದೆ. ಈ ಸಲ ಸ್ಥಿತಿ ಸೊನ್ನೆ. ಬರೆದ ಮೇಲೆ ಅದೇ ಸಾಧನದ ಯಾವುದಾದರೂ ರಿಜಿಸ್ಟರನ್ನು ಒಮ್ಮೆ ಓದಿದರೆ ಬರಹ ಮುಂದಕ್ಕೆ ತಳ್ಳಲ್ಪಡುತ್ತದೆ. ಓದಿದರೆ ಬೇರೇನಾದರೂ ಅಳಿಯುವಂಥ ರಿಜಿಸ್ಟರನ್ನು ಇದಕ್ಕೆ ಆರಿಸಿಕೊಳ್ಳಬೇಡಿ.

ಒಂದೆರಡು ಬಿಡಿ ಸುಳ್ಳು ಕರೆಗಳಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಕರ್ನಲ್ಲೂ ಕೆಡಿಸಿಕೊಳ್ಳುವುದಿಲ್ಲ.

ಲಕ್ಷಣ: ಡ್ರೈವರ್ ಲೋಡ್ ಆಗುವುದೇ ಇಲ್ಲ, ಮೈನಸ್ 16 ಅಥವಾ ಮೈನಸ್ 22

ಮೈನಸ್ 22 ಬಂದರೆ ಮೊದಲು ಡೆವ್_ಐಡಿ (ಲೈನ್ ಕೇಳುವಾಗ ಹ್ಯಾಂಡ್ಲರಿನ ಜೊತೆ ಕೊಡುವ ಗುರುತು) ನೋಡಿ. ಹಂಚಿಕೆಯ ಲೈನ್ ಕೇಳುತ್ತ ಅದನ್ನು ನಲ್ (ಖಾಲಿ) ಕೊಟ್ಟರೆ ಲೈನ್ ಕೇಳುವ ಕರೆಯಾದ ರಿಕ್ವೆಸ್ಟ್_ಐಆರ್‌ಕ್ಯೂ ಒಪ್ಪುವುದಿಲ್ಲ. ಲೈನಿನಿಂದ ಯಾರನ್ನು ಬಿಡಿಸಬೇಕೆಂಬುದು ಫ್ರೀ_ಐಆರ್‌ಕ್ಯೂಗೆ ಗೊತ್ತಾಗುವುದೇ ಆ ಗುರುತಿನಿಂದ. ಪ್ರತಿ ಸಾಧನಕ್ಕೂ ಅದರದೇ ರಚನೆಯ ವಿಳಾಸ ಕೊಡಿ.

ಮೈನಸ್ 16ರ ಜೊತೆ "ಫ್ಲ್ಯಾಗ್ಸ್ ಮಿಸ್‌ಮ್ಯಾಚ್" ಎಂಬ ಸಾಲು, ಎರಡು ಹದಿನಾರು ಮೂಲದ ಸಂಖ್ಯೆಗಳು ಬರುತ್ತವೆ. ಮೊದಲನೆಯದು ಹೊಸಬರದು, ಎರಡನೆಯದು ಮೊದಲೇ ಕುಳಿತವರದು. 80 ಎಂದರೆ ಹಂಚಿಕೆಗೆ ಒಪ್ಪಿಗೆ, 2000 ಎಂದರೆ ಒನ್‌ಶಾಟ್ (ಹ್ಯಾಂಡ್ಲರಿನ ಥ್ರೆಡ್ ಮುಗಿಯುವವರೆಗೆ ಲೈನ್ ಮುಚ್ಚಿಡುವುದು), ಕೊನೆಯ ಅಂಕಿ ಟ್ರಿಗರ್ ಬಗೆ: 1 ಏರುವ ಅಂಚು, 2 ಇಳಿಯುವ ಅಂಚು, 4 ಮೇಲ್ಮಟ್ಟ, 8 ಕೆಳಮಟ್ಟ. ಇಬ್ಬರಲ್ಲಿ ಒಬ್ಬರು ಹಂಚಿಕೆಗೆ ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು. ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿ ನೋಡುವುದು ಅಗ್ಗದ ಉಪಾಯ, ಏಕೆಂದರೆ ಸ್ಲಾಟ್ ಬದಲಾದರೆ ಲೈನೂ ಬದಲಾಗಬಹುದು. ಪಿಸಿಐ ಕಾರ್ಡಿನ ಡ್ರೈವರಿನಲ್ಲಿ ಟ್ರಿಗರ್ ಬಗೆಯನ್ನು ನೀವಾಗಿ ಬರೆಯಲು ಹೋಗಬೇಡಿ.

ನಿಮ್ಮ ಸಾಧನ ಎಂಎಸ್‌ಐ ಬಲ್ಲದಾದರೆ ಅದನ್ನು ಬಳಸಿ, ಈ ಜಗಳದಿಂದ ಹೊರಬನ್ನಿ.

ಲಕ್ಷಣ: ಲೋಡ್ ಮಾಡುವಾಗಲೋ ತೆಗೆಯುವಾಗಲೋ ಕರ್ನಲ್ ಊಪ್ಸ್

ಊಪ್ಸ್ ಎಂದರೆ ಕರ್ನಲ್ ತನ್ನೊಳಗೇ ಎಡವಿ ಬಿದ್ದ ವರದಿ. ಹತ್ತು ಸಲದಲ್ಲಿ ಒಂದು ಸಲ ಮಾತ್ರ ಬೀಳುತ್ತದೆ, ನಿಮ್ಮ ಮೇಜಿನ ಮೇಲೆ ಎಂದೂ ಬೀಳುವುದಿಲ್ಲ, ಗ್ರಾಹಕರ ಯಂತ್ರದಲ್ಲಿ ಬೀಳುತ್ತದೆ. ಅಲ್ಲಿನ ನೆರೆಯ ಸಾಧನ ಚುರುಕಾಗಿದೆ, ನಿಮ್ಮಲ್ಲಿನದು ಮಲಗಿದೆ, ವ್ಯತ್ಯಾಸ ಅಷ್ಟೇ.

ರಿಕ್ವೆಸ್ಟ್_ಐಆರ್‌ಕ್ಯೂ ಕರೆದ ಮರುಕ್ಷಣದಿಂದ ನಿಮ್ಮ ಹ್ಯಾಂಡ್ಲರಿಗೆ ಕರೆ ಬರಬಹುದು. ನಿಮ್ಮ ಸಾಧನಕ್ಕೆ ಇನ್ನೂ ಯಾವ ಆದೇಶವನ್ನೂ ಕೊಟ್ಟಿಲ್ಲ ಎಂಬುದು ಸಮಾಧಾನವಲ್ಲ, ನೆರೆಯದು ಲೈನ್ ಎತ್ತಿದರೂ ನಿಮ್ಮನ್ನು ಕರೆಯಲಾಗುತ್ತದೆ. ಆ ಹೊತ್ತಿಗೆ ರಿಜಿಸ್ಟರುಗಳ ವಿಳಾಸ ಮ್ಯಾಪ್ ಆಗಿರಬೇಕು, ಲಾಕ್ ಸಿದ್ಧವಾಗಿರಬೇಕು, ಸಾಲುಪಟ್ಟಿಗಳು ಹುಟ್ಟಿರಬೇಕು. ಸಾಧನದ ಇಂಟರಪ್ಟ್ ಮಾಸ್ಕ್ ಮುಚ್ಚಿ, ಹಳೆಯ ಸ್ಥಿತಿ ಅಳಿಸಿ, ಎಲ್ಲವನ್ನೂ ಕಟ್ಟಿಕೊಂಡ ಮೇಲೆ ಲೈನ್ ಕೇಳಿ. ಲೈನ್ ಸಿಕ್ಕ ಮೇಲೆ ಮಾಸ್ಕ್ ತೆರೆಯಿರಿ.

ತೆಗೆಯುವಾಗ ಕ್ರಮ ತಿರುಗಿಸಿ. ಮೊದಲು ಸಾಧನದ ಬಾಯಿ ಮುಚ್ಚಿ, ಓದಿ ಖಚಿತಪಡಿಸಿಕೊಳ್ಳಿ, ಆಮೇಲೆ ಫ್ರೀ_ಐಆರ್‌ಕ್ಯೂ, ಅದು ಹಿಂದಿರುಗಿದ ಮೇಲೆಯೇ ಮೆಮೊರಿ ಬಿಡುಗಡೆ. ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಫ್ರೀ_ಐಆರ್‌ಕ್ಯೂ ಕಾಯುತ್ತದೆ, ಆದರೆ ಸಾಧನವನ್ನು ಸುಮ್ಮನಿರಿಸುವುದು ಅದರ ಕೆಲಸವಲ್ಲ. ಸುಮ್ಮನಿರಿಸದೆ ಹೊರಟರೆ ನಿಮ್ಮ ಸಾಧನ ಎತ್ತಿದ ಲೈನಿಗೆ ಹೊಣೆಗಾರರಿಲ್ಲದೆ ನೆರೆಯ ಡ್ರೈವರ್ ಮುಳುಗುತ್ತದೆ. ಮತ್ತೆ "ನೋಬಡಿ ಕೇರ್ಡ್", ಮತ್ತೆ ನಿರಪರಾಧಿಯ ಹೆಸರು.

ಡೆವ್‌ಎಂ ಬಗೆಯ (ಪಡೆದದ್ದನ್ನು ಕರ್ನಲ್ಲೇ ತಾನಾಗಿ ಬಿಡುಗಡೆ ಮಾಡುವ) ಕರೆಗಳನ್ನು ನೆಮ್ಮದಿಗೆಂದು ಬಳಸುವವರು ಇಲ್ಲಿ ಎಡವುತ್ತಾರೆ. ಡೆವ್‌ಎಂ_ರಿಕ್ವೆಸ್ಟ್_ಐಆರ್‌ಕ್ಯೂನಿಂದ ಪಡೆದ ಲೈನ್ ಬಿಡುಗಡೆಯಾಗುವುದು ರಿಮೂವ್ ಫಂಕ್ಷನ್ ಮುಗಿದ ಮೇಲೆ. ಆ ಫಂಕ್ಷನಿನೊಳಗೆ ಬಫರನ್ನೋ ಮ್ಯಾಪಿಂಗನ್ನೋ ನೀವು ಕೈಯಾರೆ ಬಿಡಿಸಿದ್ದರೆ, ಆ ಕಿರಿದಾದ ನಡುಗಾಲದಲ್ಲಿ ನೆರೆಯ ಇಂಟರಪ್ಟ್ ಬಂದು ನಿಮ್ಮ ಹ್ಯಾಂಡ್ಲರ್ ಇಲ್ಲದ ವಿಳಾಸವನ್ನು ಮುಟ್ಟುತ್ತದೆ. ಎಲ್ಲವನ್ನೂ ಡೆವ್‌ಎಂಗೆ ಒಪ್ಪಿಸಿ, ಇಲ್ಲವೇ ಎಲ್ಲವನ್ನೂ ನೀವೇ ಮಾಡಿ. ಬೆರಕೆ ಬೇಡ.

ಈ ದೋಷವನ್ನು ಬೇಕೆಂದಾಗ ಬೀಳಿಸಲು ಕರ್ನಲ್‌ನಲ್ಲೇ ಸಲಕರಣೆ ಇದೆ. ಕಾನ್ಫಿಗ್_ಡೀಬಗ್_ಎಸ್‌ಎಚ್‌ಐಆರ್‌ಕ್ಯೂ ಹಾಕಿ ಕಟ್ಟಿದ ಕರ್ನಲ್, ಹಂಚಿಕೆಯ ಹ್ಯಾಂಡ್ಲರನ್ನು ಬಿಡಿಸುವಾಗ ಬೇಕೆಂದೇ ಒಂದು ಸುಳ್ಳು ಕರೆ ಕೊಡುತ್ತದೆ. ತೆಗೆಯುವ ಕ್ರಮ ತಪ್ಪಿದ್ದರೆ ಗ್ರಾಹಕರ ಬದಲು ನಿಮ್ಮ ಮೇಜಿನ ಮೇಲೇ ಬೀಳುತ್ತದೆ.

ಯಂತ್ರವೇ ಇಲ್ಲದವರಿಗೆ ಇನ್ನೂ ಅಗ್ಗದ ದಾರಿ ಕ್ಯೂಇಎಂಯು, ಯಂತ್ರವನ್ನು ಅನುಕರಿಸುವ ತಂತ್ರಾಂಶ. ಅದರಲ್ಲಿ ಡ್ರೈವರ್ ಕಲಿಯುವವರಿಗೆಂದೇ ಇಡಿಯು ಎಂಬ ಪಿಸಿಐ ಸಾಧನವಿದೆ: ಆಫ್‌ಸೆಟ್ 0ಎಕ್ಸ್60ಕ್ಕೆ ಬರೆದರೆ ಇಂಟರಪ್ಟ್ ಏಳುತ್ತದೆ, 0ಎಕ್ಸ್24ರಲ್ಲಿ ಸ್ಥಿತಿ ಓದಬಹುದು, 0ಎಕ್ಸ್64ಕ್ಕೆ ಬರೆದರೆ ಅಳಿಯುತ್ತದೆ. ಹಳೆಯ ಐ440ಎಫ್‌ಎಕ್ಸ್ ಮಾದರಿಯ ಯಂತ್ರದಲ್ಲಿ ನಾಲ್ಕು ಸ್ಲಾಟ್ ಅಂತರದಲ್ಲಿ, ಉದಾಹರಣೆಗೆ 4 ಮತ್ತು 8ರಲ್ಲಿ, ಎರಡು ಇಡಿಯು ಕೂಡಿಸಿದರೆ ಅವು ಒಂದೇ ಲೈನ್ ಹಂಚಿಕೊಳ್ಳುತ್ತವೆ. ಒಂದನ್ನು ಸತತವಾಗಿ ಕೆರಳಿಸುತ್ತ ಇನ್ನೊಂದರ ಡ್ರೈವರನ್ನು ತೆಗೆದು ಹಾಕುತ್ತಿರಿ. ಕಾಲೇಜು ಪ್ರಾಜೆಕ್ಟಿಗೆ ಕಾರ್ಡ್ ಹುಡುಕಿ ಅಲೆಯುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇದನ್ನೇ. ನಿಜವಾದ ಯಂತ್ರದಲ್ಲಿ ಹಂಚಿಕೆಯನ್ನು ಹೇರಬೇಕಿದ್ದರೆ ಪಿಸಿಐ=ನೋಎಂಎಸ್‌ಐ ಎಂದು ಬೂಟ್ ಆಯ್ಕೆ ಕೊಡಿ.

ಲಕ್ಷಣ: ನಿದ್ರೆಯಿಂದ ಎದ್ದ ಮೇಲೆ ಯಂತ್ರ ಸ್ತಬ್ಧವಾಗುತ್ತದೆ

ನಿಮ್ಮ ಸಾಧನದ ವಿದ್ಯುತ್ ತೆಗೆದಿದೆ, ನೆರೆಯದು ಎಚ್ಚರವಾಗಿದೆ, ಲೈನ್ ಎದ್ದಿತು, ನಿಮ್ಮ ಹ್ಯಾಂಡ್ಲರ್ ಸತ್ತ ಸಾಧನದ ರಿಜಿಸ್ಟರ್ ಓದಲು ಹೋಯಿತು. ಪಿಸಿಐಯಲ್ಲಾದರೆ ಸಾಮಾನ್ಯವಾಗಿ ಎಲ್ಲ ಬಿಟ್ 1 ಆಗಿ ಬರುತ್ತದೆ. ಅದನ್ನು "ಎಲ್ಲ ಘಟನೆಗಳೂ ಒಟ್ಟಿಗೆ ಬಂದಿವೆ" ಎಂದು ನಂಬಿ ಕೆಲಸಕ್ಕಿಳಿದ ಹ್ಯಾಂಡ್ಲರ್ ಕೊನೆಯಿಲ್ಲದ ಸುತ್ತಿಗೆ ಬೀಳುತ್ತದೆ. ಮೇಲಿನ ಆಕಾರದ ಎರಡನೆಯ ಸಾಲು ಇರುವುದು ಇದಕ್ಕಾಗಿ. ಎಆರ್‌ಎಂ ಚಿಪ್‌ಗಳಲ್ಲಿ ಇನ್ನೂ ಕಷ್ಟ: ಗಡಿಯಾರ ನಿಲ್ಲಿಸಿದ ಬ್ಲಾಕನ್ನು ಓದಿದರೆ ಕೆಲವು ಚಿಪ್‌ಗಳಲ್ಲಿ ಬಸ್ಸೇ ನಿಲ್ಲುತ್ತದೆ, ಕೆಲವುಗಳಲ್ಲಿ ಅಬಾರ್ಟ್ ಬರುತ್ತದೆ. ಅಲ್ಲಿ ಓದಿ ನೋಡುವ ಮಾತೇ ಇಲ್ಲ. ಮಲಗಿಸುವ ಮುನ್ನ ಒಂದು ಗುರುತು ಎತ್ತಿ, ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಕಾಯುವ ಸಿಂಕ್ರೊನೈಸ್_ಐಆರ್‌ಕ್ಯೂ ಕರೆದು, ಹ್ಯಾಂಡ್ಲರಿನ ಮೊದಲ ಸಾಲಿನಲ್ಲೇ ಆ ಗುರುತು ನೋಡಿ ಐಆರ್‌ಕ್ಯೂ_ನನ್ ಎಂದು ಹಿಂದಿರುಗಿ.

ಡಿಸೇಬಲ್_ಐಆರ್‌ಕ್ಯೂ ಕರೆದರೆ ಆಗದೇ ಎಂದು ಕೇಳಬಹುದು. ಅದು ಇಡೀ ಲೈನನ್ನು ಮುಚ್ಚುತ್ತದೆ, ನೆರೆಯವರನ್ನೂ ಸೇರಿಸಿ. ಹಂಚಿಕೆಯ ಲೈನಿನಲ್ಲಿ ನಿಮ್ಮ ಅಧಿಕಾರ ನಿಮ್ಮ ಸಾಧನದ ಮಾಸ್ಕ್ ರಿಜಿಸ್ಟರಿಗೆ ಸೀಮಿತ. ಹ್ಯಾಂಡ್ಲರಿನ ಒಳಗಿನಿಂದಲೇ ಡಿಸೇಬಲ್_ಐಆರ್‌ಕ್ಯೂ ಕರೆದರೆ ತನ್ನನ್ನು ತಾನೇ ಕಾಯುತ್ತ ಅಲ್ಲೇ ನಿಂತುಬಿಡುತ್ತದೆ.

ಲಕ್ಷಣ: ಸಂವೇದಕ ಇದ್ದಕ್ಕಿದ್ದಂತೆ ಮೌನ, ರೀಬೂಟ್ ಮಾಡಿದರೆ ಮಾತ್ರ ಮಾತು

ಬೋರ್ಡುಗಳ ರೋಗವಿದು. ಎರಡು ಐ2ಸಿ (ನಿಧಾನದ ಎರಡು ತಂತಿಯ ಬಸ್) ಸಂವೇದಕಗಳು ಒಂದೇ ಇಂಟರಪ್ಟ್ ತಂತಿಯಲ್ಲಿವೆ, ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರನ್ನು ಕರ್ನಲ್‌ಗೆ ವಿವರಿಸುವ ಕಡತದಲ್ಲಿ) ಇಳಿಯುವ ಅಂಚು ಎಂದು ಬರೆದಿದೆ. ಮೊದಲನೆಯದು ತಂತಿಯನ್ನು ಕೆಳಕ್ಕೆ ಎಳೆದು ಹಿಡಿದಿರುವಾಗಲೇ ಎರಡನೆಯದೂ ಎಳೆಯುತ್ತದೆ. ಮೊದಲನೆಯದು ಬಿಟ್ಟರೂ ತಂತಿ ಮೇಲೇಳುವುದಿಲ್ಲ, ಮೇಲೇಳದ ತಂತಿಗೆ ಹೊಸ ಅಂಚಿಲ್ಲ, ಅಂಚಿಲ್ಲದೆ ಇಂಟರಪ್ಟ್ ಇಲ್ಲ. ಇಬ್ಬರೂ ಶಾಶ್ವತವಾಗಿ ಕಾಯುತ್ತಾರೆ.

ಡಿವೈಸ್ ಟ್ರೀಯ ಆ ಒಂದು ಪದವನ್ನು ಕೆಳಮಟ್ಟ ಎಂದು ಬದಲಿಸುವುದು ಮೊದಲ ಪರೀಕ್ಷೆ. ಜಿಪಿಐಒ (ಚಿಪ್‌ನ ಸಾಮಾನ್ಯ ಬಳಕೆಯ ಪಿನ್‌ಗಳ) ನಿಯಂತ್ರಕಕ್ಕೆ ಲೆವೆಲ್ ಟ್ರಿಗರ್ ಬರುವುದಿಲ್ಲವಾದರೆ, ಯಾರಲ್ಲೂ ಬಾಕಿ ಇಲ್ಲವೆನ್ನುವವರೆಗೆ ಎಲ್ಲ ಸಾಧನಗಳನ್ನೂ ಸುತ್ತಿ ವಿಚಾರಿಸಬೇಕು. ಲಿನಕ್ಸಿನ 8250 ಸೀರಿಯಲ್ ಡ್ರೈವರ್ ಒಂದು ಲೈನಿನ ಪೋರ್ಟುಗಳನ್ನು ಹಾಗೆಯೇ ಸುತ್ತುತ್ತದೆ. "ಟೂ ಮಚ್ ವರ್ಕ್" ಎಂಬ ಅದರ ಪ್ರಸಿದ್ಧ ಗೊಣಗಾಟ ಹುಟ್ಟುವುದು ಆ ಸುತ್ತು ಮಿತಿ ಮೀರಿದಾಗ.

ಐ2ಸಿ ಓದು ನಿದ್ರಿಸಬಲ್ಲದ್ದರಿಂದ ಹ್ಯಾಂಡ್ಲರ್ ಥ್ರೆಡ್ಡಿನಲ್ಲಿ ಓಡಬೇಕು, ಐಆರ್‌ಕ್ಯೂಎಫ್_ಒನ್‌ಶಾಟ್ ಬೇಕಾಗುತ್ತದೆ, ನೆರೆಯವರೂ ಅದನ್ನೇ ಕೇಳಿರಬೇಕು. ಎಲ್ಲ ಥ್ರೆಡ್ಡುಗಳೂ ಮುಗಿಯುವವರೆಗೆ ಲೈನ್ ಮುಚ್ಚಿರುತ್ತದೆ ಎಂಬ ಬೆಲೆ ತೆರಬೇಕು. ನಿಧಾನದ ತಾಪಮಾನ ಸಂವೇದಕದ ಪಕ್ಕದಲ್ಲಿ ಟಚ್ ಪರದೆಯನ್ನು ಕೂಡಿಸಿದ ವಿನ್ಯಾಸಕ್ಕೆ ಸಾಫ್ಟ್‌ವೇರಿನಲ್ಲಿ ಮದ್ದಿಲ್ಲ. ರಿಜಿಸ್ಟರನ್ನು ನೇರವಾಗಿ ಓದಬಲ್ಲ ಸಾಧನವಾದರೆ ಒನ್‌ಶಾಟ್ ಬೇಡ: ಮೊದಲ ಹಂತದಲ್ಲೇ ಸ್ಥಿತಿ ನೋಡಿ, ಸಾಧನದ ಮಾಸ್ಕ್ ಮುಚ್ಚಿ, ಥ್ರೆಡ್ಡನ್ನು ಎಬ್ಬಿಸಿ, ಥ್ರೆಡ್ ಕೊನೆಯಲ್ಲಿ ಮಾಸ್ಕ್ ತೆರೆಯಲಿ.

ಇಷ್ಟಾದರೂ ಸರಿಹೋಗದಿದ್ದರೆ ತಂತಿಯನ್ನೇ ನೋಡುವ ಹೊತ್ತು ಬಂತು. ಎಸ್.ಪಿ. ರಸ್ತೆಯಲ್ಲಿ ಸಿಗುವ ಎಂಟು ಚಾನೆಲ್ಲಿನ ಅಗ್ಗದ ಲಾಜಿಕ್ ಅನಲೈಸರ್ ಈ ವೇಗಕ್ಕೆ ಧಾರಾಳವಾಗಿ ಸಾಕು. ಅದರ ಪಿನ್‌ಗೆ 5 ವೋಲ್ಟಿಗಿಂತ ಹೆಚ್ಚು ತಾಕಿಸಬೇಡಿ. ಕಾರ್ಖಾನೆಯ 24 ವೋಲ್ಟ್ ಸಂಕೇತವನ್ನು ನೇರ ಕೊಟ್ಟರೆ ಅದೂ ಹೋಗುತ್ತದೆ, ಲ್ಯಾಪ್‌ಟಾಪಿನ ಪೋರ್ಟೂ ಹೋಗಬಹುದು. ಗ್ರೌಂಡ್ ತಂತಿಯನ್ನು ಮೊದಲು ಜೋಡಿಸಿ. ತಂತಿ ನಿಧಾನವಾಗಿ ಬಾಗಿ ಏರುತ್ತಿದೆ ಎಂಬ ಅನುಮಾನವಿದ್ದರೆ ಅನಲೈಸರ್ ತೋರಿಸಲಾರದು, ಆಸಿಲ್ಲೋಸ್ಕೋಪ್ ಬೇಕು. ತಂತಿಯನ್ನು ಮೇಲಕ್ಕೆ ಎಳೆಯುವ ಪುಲ್‌ಅಪ್ ರೆಸಿಸ್ಟರ್ ಇಲ್ಲದಿರುವುದೋ ಅತಿ ದೊಡ್ಡದಿರುವುದೋ ಆಗ ಗೊತ್ತಾಗುತ್ತದೆ.

ತಂತಿ ಶೂನ್ಯಕ್ಕೂ ಬಾರದೆ ಪೂರ್ಣಕ್ಕೂ ಹೋಗದೆ ನಡುವೆ ಸಿಕ್ಕಿಕೊಂಡಿದ್ದರೆ ತಕ್ಷಣ ವಿದ್ಯುತ್ ತೆಗೆಯಿರಿ. ಒಂದು ಚಿಪ್‌ನ ಪಿನ್ ಓಪನ್ ಡ್ರೇನ್ (ಕೆಳಕ್ಕೆ ಮಾತ್ರ ಎಳೆಯುವುದು) ಆಗಿರದೆ ಪುಶ್‌ಪುಲ್ (ಮೇಲಕ್ಕೂ ತಳ್ಳುವುದು) ಆಗಿದೆ. ಒಂದು ಮೇಲಕ್ಕೆ ತಳ್ಳುತ್ತಿದೆ, ಇನ್ನೊಂದು ಕೆಳಕ್ಕೆ ಎಳೆಯುತ್ತಿದೆ, ನಡುವೆ ಎರಡೂ ಬಿಸಿಯಾಗುತ್ತಿವೆ. ಬಹಳಷ್ಟು ಚಲನ ಸಂವೇದಕಗಳಲ್ಲಿ ಈ ಆಯ್ಕೆ ಒಂದು ಬಿಟ್ ಆಗಿರುತ್ತದೆ. ಡ್ರೈವರ್ ಅದನ್ನು ಲೈನ್ ಕೇಳುವ ಮೊದಲೇ ಬರೆಯಬೇಕು.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಲೈನ್ ಎತ್ತಿದ ಸಾಧನ ನಿಮ್ಮದಲ್ಲ, ಅದರ ಡ್ರೈವರ್ ಮೂಲ ಕರ್ನಲ್‌ನಲ್ಲೇ ಇದೆ ಎಂದು ಖಚಿತವಾದರೆ ನಿಮ್ಮ ಡ್ರೈವರಿನಲ್ಲಿ ತೇಪೆ ಹಾಕುವುದನ್ನು ಬಿಡಿ. ಕರ್ನಲ್ ಮೂಲದ ಮೈಂಟೈನರ್ಸ್ ಕಡತದಲ್ಲಿ ಆ ಡ್ರೈವರಿನ ನಿರ್ವಾಹಕರ ಹೆಸರಿರುತ್ತದೆ. ಡ್ರೈವರೇ ಇಲ್ಲದ ಸಾಧನ ಬೂಟ್‌ನಿಂದಲೇ ಲೈನ್ ಹಿಡಿದಿದ್ದರೆ ಬಯಾಸ್ ಪರಿಷ್ಕರಣೆ ಕೇಳಬೇಕು, ಅಥವಾ ಬಯಾಸ್ ಸೆಟ್ಟಿಂಗಿನಲ್ಲಿ ಆ ಸಾಧನವನ್ನು ಆರಿಸಬೇಕು. ತಂತಿಯ ಮಟ್ಟ ಸರಿಯಿಲ್ಲದಿದ್ದರೆ ಹಾರ್ಡ್‌ವೇರ್ ತಂಡದವರಿಗೆ ತರಂಗದ ಚಿತ್ರ ಸಹಿತ ಹೇಳಿ. ಬರಿಗೈಯಲ್ಲಿ ಹೋದರೆ "ಸಾಫ್ಟ್‌ವೇರ್ ನೋಡಿಕೊಳ್ಳಿ" ಎಂದು ವಾಪಸ್ ಕಳುಹಿಸುತ್ತಾರೆ.

ಯಾರ ಬಳಿಗೆ ಹೋದರೂ ಇವು ಕೈಯಲ್ಲಿರಲಿ: ಬೂಟ್‌ನಿಂದ ಮೊದಲ್ಗೊಂಡು ಪೂರ್ಣ ಲಾಗ್, ದೋಷಕ್ಕೆ ಮೊದಲು ಮತ್ತು ಆಮೇಲೆ ತೆಗೆದ ಇಂಟರಪ್ಟ್ಸ್ ಕಡತದ ಎರಡು ಪ್ರತಿ, ಲೈನ್ ಮುಚ್ಚಿದ ನಂತರದ ಎಲ್‌ಎಸ್‌ಪಿಸಿಐ ವಿವರ, ಕರ್ನಲ್ ಆವೃತ್ತಿ, ಬೂಟ್ ಆಯ್ಕೆಗಳು. ಪರದೆಯ ಫೋಟೋ ತೆಗೆದು ಕಳುಹಿಸಬೇಡಿ. ಅದರಲ್ಲಿ ಬೇಕಾದ ಮೊದಲ ಸಾಲು ಯಾವಾಗಲೂ ಮೇಲಕ್ಕೆ ಸರಿದುಹೋಗಿರುತ್ತದೆ.